ಒಂದು ಬೆಳಗಿನಲ್ಲಿ ಸಿಸಿಲಿಯ ಅಡುಗೆ

ಕಪೊನಾಟಾ ಮಾಡಿದ ಕೂಡಲೇ ತಿನ್ನುವ ಪದಾರ್ಥವಲ್ಲ. ಬದನೆಕಾಯಿಯನ್ನು ದಪ್ಪ ಹೋಳುಗಳಾಗಿ ಹೆಚ್ಚಿ ಆಲಿವ್ ಎಣ್ಣೆಯಲ್ಲಿ ಬೇರೆಯಾಗಿ ಕರಿಯಬೇಕು. ಸೆಲರಿ ದಂಟನ್ನು ಬೇರೆಯಾಗಿ ಬೇಯಿಸಿಕೊಳ್ಳಬೇಕು. ಈರುಳ್ಳಿ, ಟೊಮೆಟೊ, ಹಸಿರು ಆಲಿವ್, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ಇನ್ನೊಂದು ಬಾಣಲೆಯಲ್ಲಿ ಹದಕ್ಕೆ ಬಂದ ಮೇಲೆ ಎಲ್ಲವನ್ನೂ ಕೂಡಿಸಿ, ಸಕ್ಕರೆ ಕರಗಿಸಿದ ವಿನೆಗರ್ ಸುರಿಯಬೇಕು. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ವಿನೆಗರಿನ ಘಾಟು ತಣಿದು, ಹುಳಿಯೂ ಸಿಹಿಯೂ ಬದನೆಯೊಳಗೆ ಇಳಿಯಲು ಒಂದು ರಾತ್ರಿ ಹಿಡಿಯುತ್ತದೆ. ಸಿಸಿಲಿಯ ಮನೆಗಳಲ್ಲಿ ಇದನ್ನು ಆರಿದ ಮೇಲೆ, ಅದೂ ಮರುದಿನ, ಬಡಿಸುತ್ತಾರೆ. ಪ್ರವಾಸಿಗಳಿಗೆಂದು ನಡೆಯುವ ಅಡುಗೆ ಪಾಠವಾದರೋ ಅದೇ ದಿನದ ಮಧ್ಯಾಹ್ನದ ಊಟಕ್ಕೆ ಮುಗಿದುಹೋಗುತ್ತದೆ. ಈ ಪಾಠಗಳ ಬಗ್ಗೆ ನನ್ನ ತಕರಾರು ಹುಟ್ಟುವುದು ಇಲ್ಲಿಂದಲೇ.

ಪರಊರಿನವರನ್ನು ಅಡುಗೆಮನೆಗೆ ಕರೆದು, ಹಣ ಪಡೆದು, ಮನೆಯ ಅಡುಗೆ ಕಲಿಸುವುದು ಈಗ ಸಿಸಿಲಿಯ ಎಷ್ಟೋ ಮನೆಗಳಿಗೆ ಒಂದು ಆದಾಯ. ಪಲೆರ್ಮೊದಲ್ಲಾದರೆ ಬೆಳಿಗ್ಗೆ ಬಲ್ಲರೊ ಅಥವಾ ಕಾಪೊ ಮಾರುಕಟ್ಟೆಗೆ ಹೋಗುವುದು, ಆಮೇಲೆ ಅಡುಗೆ, ಕೊನೆಗೆ ಎಲ್ಲರೂ ಒಂದೇ ಮೇಜಿಗೆ ಕೂತು ಊಟ. ಮಾರುಕಟ್ಟೆಯ ಭಾಗವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸಾರ್ಡೀನ್ ಮೀನಿನ ಕಣ್ಣು ಹೊಳೆಯುತ್ತಿದೆಯೇ ಎಂದು ನೋಡುವುದು, ಕೇಪರ್ ಮೊಗ್ಗು ಸಣ್ಣದಿದ್ದಷ್ಟೂ ಮೇಲು ಎಂದು ಅರಿಯುವುದು, ಮನಸ್ಸಿಗೆ ಬಾರದಿದ್ದರೆ ಮುಂದಿನ ಅಂಗಡಿಗೆ ನಡೆಯುವುದು, ಇವು ಯಾವ ಪಾಕಪುಸ್ತಕದಿಂದಲೂ ಬರುವುದಿಲ್ಲ. ದಿನವೂ ಕೊಳ್ಳುವ ಹೆಂಗಸಿನ ಜತೆ ನಡೆದರೆ ಮಾತ್ರ ಬರುತ್ತವೆ.

ತೊಡಕು ಮನೆಗೆ ಬಂದ ಮೇಲೆ. ಪಲೆರ್ಮೊದ ಹೆಸರಾಂತ ಸಾರ್ಡೀನ್ ಪಾಸ್ತಾ ವಸಂತದ ಅಡುಗೆ. ಗುಡ್ಡಗಳಲ್ಲಿ ಕಾಡು ಸೋಂಪಿನ ಎಳೆ ಸೊಪ್ಪು ಸಿಗುವ ಕಾಲ ಅದು. ಆ ಸೊಪ್ಪು ಬೆಂದ ನೀರಿನಲ್ಲೇ ಪಾಸ್ತಾ ಬೇಯುತ್ತದೆ, ಮೀನಿನ ಜತೆ ಒಣದ್ರಾಕ್ಷಿ, ಪೈನ್ ಬೀಜ, ಕೇಸರಿ ಸೇರುತ್ತವೆ, ಮೇಲೆ ಹುರಿದ ಬ್ರೆಡ್ ಪುಡಿ ಉದುರುತ್ತದೆ. ಬದನೆ ಬೇಸಿಗೆಯದು. ಕನ್ನೋಲಿ ಎಂಬ ಸಿಹಿತಿಂಡಿಯೊಳಗೆ ತುಂಬುವ ಕುರಿಹಾಲಿನ ರಿಕೊಟ್ಟಾ ಗಿಣ್ಣು ಚಳಿಗಾಲದಿಂದ ವಸಂತದವರೆಗೆ ಚೆನ್ನ. ಈ ಮೂರನ್ನೂ ವರ್ಷಪೂರ್ತಿ ಒಂದೇ ಪಟ್ಟಿಯಲ್ಲಿ ಕಲಿಸುವ ಮನೆ ಆ ನೆಲದ ಋತುಮಾನವನ್ನೇ ಮರೆಮಾಚುತ್ತದೆ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಹೇಳಿಕೊಟ್ಟದ್ದನ್ನು ಮಧ್ಯಾಹ್ನ ತಾನೇ ಅಳಿಸಿಹಾಕುತ್ತದೆ. ಟಿರಾಮಿಸು ಇದ್ದರೆ ಹೇಳುವುದೇ ಬೇಡ. ಅದು ಉತ್ತರ ಇಟಲಿಯ ಸಿಹಿ, ಅತಿಥಿಗಳು ಕೇಳುತ್ತಾರೆಂದು ಪಟ್ಟಿಗೆ ಸೇರಿದ್ದು.

ನಾನು ಕೂತ ಒಂದು ಪಾಠದಲ್ಲಿ ಬದನೆಯನ್ನು ಮೊದಲೇ ಕರಿದಿಟ್ಟಿದ್ದರು, ಈರುಳ್ಳಿ ಹೆಚ್ಚಿಟ್ಟಿದ್ದರು, ಟೊಮೆಟೊ ಸಾಸ್ ಪಾತ್ರೆಯಲ್ಲಿ ಸಿದ್ಧವಾಗಿತ್ತು. ನಮಗೆ ಉಳಿದದ್ದು ಕೂಡಿಸಿ ಕಲಕುವ ಕೆಲಸ. ಊಟ ರುಚಿಯಾಗಿತ್ತು, ಮನೆಯಾಕೆಯ ಉಪಚಾರದಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ. ಆದರೆ ಕಪೊನಾಟಾದ ಕಷ್ಟವೆಲ್ಲ ಇರುವುದು ಆ ಕರಿಯುವಿಕೆಯಲ್ಲಿ. ಎಣ್ಣೆ ಸಾಕಷ್ಟು ಕಾಯದಿದ್ದರೆ ಬದನೆ ಅದನ್ನು ಕುಡಿದು ಮೆತ್ತಗಾಗುತ್ತದೆ, ಹೆಚ್ಚು ಕಾದರೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಹುಳಿ ಸಿಹಿಗಳ ತೂಕ ಇನ್ನೊಂದು ಕಷ್ಟ. ಹುಣಸೆಹಣ್ಣು, ಬೆಲ್ಲ ಹಾಕಿ ಬದನೆಕಾಯಿ ಗೊಜ್ಜು ಮಾಡುವ ನಮ್ಮವರಿಗೆ ಆ ತೂಕ ನಾಲಿಗೆಯಲ್ಲೇ ಇದೆ, ಬೇಗ ಹಿಡಿಯುತ್ತಾರೆ. ಬದನೆ ಕೂಡ ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದದ್ದು. 827ರಲ್ಲಿ ಸಿಸಿಲಿಗೆ ಕಾಲಿಟ್ಟ ಅರಬರ ಆಳ್ವಿಕೆಯ ಕಾಲದಲ್ಲಿ ನಿಂಬೆ, ಕಬ್ಬುಗಳ ಜತೆಗೆ ಅದೂ ಆ ನೆಲದಲ್ಲಿ ಬೇರೂರಿತು. ಪಲೆರ್ಮೊದ ಇನ್ನೊಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ನಮ್ಮ ಕೈಯಲ್ಲೇ ಎಲ್ಲ ಕರಿಸಿದರು. ಊಟಕ್ಕೆ ಬಡಿಸಿದ್ದು ಮಾತ್ರ ತಾವು ಹಿಂದಿನ ದಿನ ಮಾಡಿಟ್ಟದ್ದನ್ನು. ನಾವು ಮಾಡಿದ್ದನ್ನು ಡಬ್ಬಿಗೆ ತುಂಬಿ, ನಾಳೆ ತಿನ್ನಿ ಎಂದು ಕೊಟ್ಟರು. ಪಾಠ ಎಂದರೆ ಹೀಗಿರಬೇಕು.

ಈ ಪದ್ಧತಿಯನ್ನು ಅಳೆಯಲು ಒಂದೇ ಒಂದು ಅಡುಗೆಯನ್ನು ಆರಿಸು ಎಂದರೆ ನಾನು ಪಶ್ಚಿಮ ತೀರದ ತ್ರಾಪನಿಯ ಮೀನಿನ ಕುಸ್ಕುಸ್ ಆರಿಸುತ್ತೇನೆ. ಟ್ಯುನೀಸಿಯಾಕ್ಕೆ ಎದುರಾಗಿರುವ ಆ ತೀರದಲ್ಲಿ ಗಟ್ಟಿ ಗೋಧಿಯ ರವೆಯನ್ನು ಮಫರದ್ದ ಎಂಬ ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ಹರಡಿ, ನೀರನ್ನು ಬೆರಳ ತುದಿಯಿಂದ ಚಿಮುಕಿಸುತ್ತ, ಬೆರಳುಗಳನ್ನು ಸುತ್ತ ಸುತ್ತ ಆಡಿಸುತ್ತಾರೆ. ರವೆಯ ಕಣಗಳು ಒಂದಕ್ಕೊಂದು ಅಂಟಿ ಸಣ್ಣ ಕಾಳುಗಳಾಗುತ್ತವೆ. ನೀರು ಒಂದಿಷ್ಟು ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ಪುಡಿ. ಬಟ್ಟೆಯ ಮೇಲೆ ಹರಡಿ ಆರಿಸಿ, ಆಲಿವ್ ಎಣ್ಣೆ, ಈರುಳ್ಳಿ ಸವರಿ, ತೂತಿನ ಪಾತ್ರೆಗೆ ತುಂಬಿ ಹಬೆಗಿಡುತ್ತಾರೆ. ಹಬೆ ಸೋರದಂತೆ ಎರಡು ಪಾತ್ರೆಗಳ ನಡುವಿನ ಸಂದನ್ನು ಹಿಟ್ಟಿನ ಕಣಕದಿಂದ ಮೆತ್ತುತ್ತಾರೆ. ಬೇಯಲು ಗಂಟೆಗೂ ಮೇಲೆ ಬೇಕು. ಆಮೇಲೆ ಹಲವು ಬಗೆಯ ಮೀನು ಬೇಯಿಸಿದ ಸಾರನ್ನು ಬೆರೆಸಿ, ಪಾತ್ರೆಗೆ ಉಣ್ಣೆಯ ಕಂಬಳಿ ಹೊದಿಸಿ ಸುಮ್ಮನೆ ಬಿಡುತ್ತಾರೆ. ಸಾರು ಕಾಳಿನ ಒಳಗೆ ಹೋಗುವುದು ಆಗ. ಅಂಗಡಿಯ ಪೊಟ್ಟಣದ ಕುಸ್ಕುಸ್‌ಗೆ ಬಿಸಿನೀರು ಸುರಿದರೆ ಐದು ನಿಮಿಷದ ಕೆಲಸ, ಅದನ್ನೇ ಪಾಠವೆಂದು ನಡೆಸುವ ಮನೆಗಳೂ ಇವೆ. ಮಫರದ್ದದ ಮುಂದೆ ನಿಮ್ಮನ್ನು ಕೂರಿಸಿ, ಸೋತರೂ ಮತ್ತೆ ರವೆ ಸುರಿದುಕೊಡುವ ಮನೆಗೆ ಕೊಟ್ಟ ಹಣ ಸಾರ್ಥಕ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಸಿಸಿಲಿಯ ಅಡುಗೆಯೆಲ್ಲ ಅಜ್ಜಿಯರ ಒಲೆಯಿಂದಲೇ ಬಂತು ಎಂಬ ಪ್ರಚಾರ ಅರ್ಧ ಸತ್ಯ. ಶ್ರೀಮಂತರ ಮನೆಗಳಲ್ಲಿ ಮೊನ್ಸು ಎಂದು ಕರೆಸಿಕೊಂಡ ಬಾಣಸಿಗರು ಫ್ರೆಂಚ್ ರೀತಿಯ ಅಡುಗೆಯನ್ನು ಬೆಳೆಸಿದರು. ಸಿಹಿತಿಂಡಿಗಳಲ್ಲಿ ಬಹಳಷ್ಟು ಸನ್ಯಾಸಿನಿಯರ ಮಠಗಳವು. ಬಾದಾಮಿ ಹಿಟ್ಟಿನಿಂದ ಹಣ್ಣುಗಳ ಆಕಾರ ತಿದ್ದುವ ಸಿಹಿಗೆ ಪಲೆರ್ಮೊದ ಮಾರ್ತೊರಾನಾ ಮಠದ ಹೆಸರೇ ಉಳಿದಿದೆ. ಎರಿಚೆ ಬೆಟ್ಟದೂರಿನ ಮರಿಯಾ ಗ್ರಮ್ಮಾತಿಕೊ ತಂದೆಯನ್ನು ಕಳೆದುಕೊಂಡು ಬಾಲ್ಯದಲ್ಲೇ ಅಲ್ಲಿನ ಸಾನ್ ಕಾರ್ಲೊ ಅನಾಥಾಶ್ರಮ ಸೇರಿದವರು. ವರ್ಷಗಟ್ಟಲೆ ಬಾದಾಮಿ ಸುಲಿದು, ಕುಟ್ಟಿ, ಸನ್ಯಾಸಿನಿಯರ ಕೈಗಳನ್ನು ಗಮನಿಸುತ್ತ ಕಲಿತರು, ಹೊರಬಂದು ತಮ್ಮದೇ ಸಿಹಿಯಂಗಡಿ ತೆರೆದರು. ಲೇಖಕಿ ಮೇರಿ ಟೇಲರ್ ಸಿಮೆಟಿ ಅವರೊಂದಿಗೆ ತಂದ 'ಬಿಟರ್ ಆಲ್ಮಂಡ್ಸ್' ಪುಸ್ತಕದಲ್ಲಿ (1994) ಆ ಕಥೆಯನ್ನೂ ಆ ಸಿಹಿಗಳ ವಿಧಾನವನ್ನೂ ಬರೆದಿಟ್ಟಿದ್ದಾರೆ. ಸಾಂಪ್ರದಾಯಿಕ ಎಂಬ ಹೆಸರಿನಲ್ಲಿ ನಗುನಗುತ್ತ ಕಲಿಸುವ ಒಂದು ಸಿಹಿಯ ಹಿಂದೆ ಬಡ ಹುಡುಗಿಯರ ಇಂಥ ದುಡಿಮೆಯಿದೆ. ಅಡುಗೆ ಕಲಿಸುವವರು ಇದನ್ನೂ ಹೇಳಬೇಕು. ಹೇಳುವವರು ವಿರಳ.

ಹಾಗಾದರೆ ಮನೆಯಡುಗೆಯ ಪಾಠ ಬೇಡವೇ? ಖಂಡಿತ ಬೇಕು, ಸಮಯ ಹೆಚ್ಚು ಕೊಡಬೇಕು ಅಷ್ಟೆ. ಆನ್ನಾ ತಾಸ್ಕಾ ಲಾಂಝಾ 1989ರಲ್ಲಿ ರೆಗಲೆಯಾಲಿಯ ತಮ್ಮ ಕುಟುಂಬದ ಜಮೀನಿನಲ್ಲಿ ತೆರೆದ ಅಡುಗೆ ಶಾಲೆಯಲ್ಲಿ ಉಳಿದುಕೊಂಡು ಕಲಿಯಬಹುದು. ಬೇಸಿಗೆಯಲ್ಲಿ ಅಲ್ಲಿ ಟೊಮೆಟೊ ರಸವನ್ನು ಮರದ ಹಲಗೆಗಳ ಮೇಲೆ ಹರಡಿ, ಬಿಸಿಲಿನಲ್ಲಿ ತಿರುವಿ ತಿರುವಿ ಗಟ್ಟಿ ಲೇಹವಾಗುವವರೆಗೆ ಒಣಗಿಸುವುದನ್ನು ಕಲಿಸುತ್ತಾರೆ. ಅಂಥದ್ದು ದುಬಾರಿ, ಎಲ್ಲರ ಕೈಗೂ ಎಟುಕುವುದಿಲ್ಲ. ಆದರೆ ಸಾಮಾನ್ಯ ಮನೆಯೊಂದರಲ್ಲಿ ಎರಡು ದಿನ ಬರುತ್ತೇವೆಂದು ಕೇಳಿಕೊಂಡರೆ ಕಪೊನಾಟಾವನ್ನು ಒಂದು ದಿನ ಮಾಡಿ ಮರುದಿನ ತಿನ್ನಬಹುದು, ಅಷ್ಟರಲ್ಲೇ ಪಾಠದ ಗುಣ ಬದಲಾಗುತ್ತದೆ. ಅವಸರ ಬಹಳ ಸಲ ಅತಿಥಿಗಳದ್ದೇ. ಎರಡು ಗಂಟೆಯಲ್ಲಿ ನಾಲ್ಕು ಪದಾರ್ಥ ಬೇಕೆನ್ನುವವರಿಗೆ ಮನೆಯಾಕೆ ಬೇರೇನು ಮಾಡಿಯಾಳು?

ಸಸ್ಯಾಹಾರಿ ಕನ್ನಡಿಗರು ಹಿಂಜರಿಯಬೇಕಿಲ್ಲ. ಕಪೊನಾಟಾ ಇದೆ, ಕಡಲೆಹಿಟ್ಟನ್ನು ನೀರಿನಲ್ಲಿ ಕುದಿಸಿ ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಕರಿಯುವ ಪನೆಲ್ಲೆ ಇದೆ, ಒಣ ಅವರೆಜಾತಿಯ ಕಾಳನ್ನು ಕಾಡು ಸೋಂಪಿನೊಂದಿಗೆ ಕರಗುವಂತೆ ಬೇಯಿಸುವ ಮಾಕ್ಕು ಇದೆ. ಮೀನು ಕೊಳ್ಳಲಾಗದ ಬಡವರು ಸಾರ್ಡೀನ್ ಬಿಟ್ಟು ಉಳಿದೆಲ್ಲ ಹಾಕಿ ಮಾಡಿದ ಪಾಸ್ತಾಕ್ಕೆ ಸಿಸಿಲಿಯವರು ಸಾರ್ಡೀನ್ ಸಮುದ್ರದಲ್ಲೇ ಉಳಿದ ಪಾಸ್ತಾ ಎನ್ನುತ್ತಾರೆ. ಅದಕ್ಕೂ ಆಂಚೊವಿ ಎಂಬ ಸಣ್ಣ ಮೀನನ್ನು ಕರಗಿಸಿ ಹಾಕುವ ರೂಢಿಯಿದೆ, ಮೊದಲೇ ಹೇಳಿಡಿ.

ಹೋಗುವವರಲ್ಲಿ ನನ್ನ ಕೋರಿಕೆ ಇಷ್ಟೇ. ದಿನ ಗೊತ್ತುಮಾಡುವ ಮೊದಲು ಮನೆಯವರಿಗೆ ಎರಡು ಪ್ರಶ್ನೆ ಕೇಳಿ: ಆ ತಿಂಗಳು ನಿಮ್ಮ ಮನೆಯಲ್ಲಿ ನಿಜಕ್ಕೂ ಏನು ಮಾಡುತ್ತೀರಿ, ಅದರಲ್ಲಿ ಯಾವ ಕೆಲಸವನ್ನು ನಮ್ಮ ಕೈಗೆ ಬಿಡುತ್ತೀರಿ? ನೇರ ಉತ್ತರ ಕೊಡುವ ಮನೆಗೆ ಹೋಗಿ, ಒಂದೇ ಅಡುಗೆಯಾದರೂ ಪೂರ್ತಿ ಕಲಿತು ಬನ್ನಿ.