ಐದು ಪಂಕ್ತಿಗಳ ಯುದ್ಧಕಾವ್ಯ

ಮಹಾಯುದ್ಧವು ಮಹಾಕಾವ್ಯವನ್ನು ಬೇಡುತ್ತದೆಂಬುದು ಹಳೆಯ ನಂಬಿಕೆ. ಎರಡನೆಯ ಮಹಾಯುದ್ಧದಲ್ಲಿ ಮಡಿದ ವೈಮಾನಿಕನೊಬ್ಬನಿಗೆ ಅಮೆರಿಕದ ಕವಿ ರಾಂಡಲ್ ಜಾರೆಲ್ಲನು (1914-1965) ಮೀಸಲಿಟ್ಟುದು ಐದೇ ಪಂಕ್ತಿಗಳನ್ನು. 1945ರಲ್ಲಿ ಪ್ರಕಟವಾದ ‘ದಿ ಡೆತ್ ಆಫ್ ದಿ ಬಾಲ್ ಟರೆಟ್ ಗನ್ನರ್’ ಎಂಬ ಆ ಕವಿತೆಯಲ್ಲಿ ಒಂದು ಬಾಳೂ ಅದರ ಕೊನೆಯೂ ಅಡಗಿವೆ.

ಕವಿತೆಯ ಅರ್ಥವಾಗಬೇಕಾದರೆ ಅದರ ನಾಯಕನಿದ್ದ ಎಡೆಯನ್ನು ಮೊದಲು ತಿಳಿಯಬೇಕು. ಬಿ-17, ಬಿ-24 ಎಂಬ ಬಾಂಬರ್ ವಿಮಾನಗಳ ಹೊಟ್ಟೆಯ ಅಡಿಯಲ್ಲಿ ಸುಮಾರು 4 ಅಡಿ ಅಡ್ಡಳತೆಯ ಒಂದು ತಿರುಗುಗೋಳವಿರುತ್ತಿತ್ತು. ಕುಳ್ಳನಾದ ಸೈನಿಕನೊಬ್ಬನು ಅದರೊಳಗೆ ಮೊಣಕಾಲುಗಳನ್ನು ಮಡಚಿಕೊಂಡು, ಎರಡು ಮೆಷಿನ್‌ಗನ್ನುಗಳ ನಡುವೆ ಮುದುಡಿ ಕುಳಿತು, ಕೆಳಗಿನಿಂದ ಎರಗುವ ಶತ್ರುವಿಮಾನಗಳನ್ನು ಎದುರಿಸಬೇಕಾಗಿತ್ತು. ಪ್ಯಾರಾಚೂಟಿಗೂ ಅಲ್ಲಿ ಸಾಮಾನ್ಯವಾಗಿ ಸ್ಥಳವಿರುತ್ತಿರಲಿಲ್ಲ.

ಈ ಭಂಗಿಯಲ್ಲಿ ಜಾರೆಲ್ಲನು ಗರ್ಭಸ್ಥ ಶಿಶುವನ್ನು ಕಂಡನು. ತಾಯಿಯ ಮಡಿಲಿನಿಂದ ಜಾರಿದ ಜೀವವು ನೇರವಾಗಿ ರಾಷ್ಟ್ರದ ಒಡಲಿಗೆ ಬೀಳುತ್ತದೆ; ನಡುವೆ ಬಾಲ್ಯವಿಲ್ಲ, ವಿದ್ಯೆಯಿಲ್ಲ, ಪ್ರೇಮವಿಲ್ಲ. ಅವನ ಬದುಕೆಲ್ಲವೂ ನಿದ್ರೆ. ಆರು ಮೈಲಿ ಎತ್ತರದಲ್ಲಿ, ಸಿಡಿಗುಂಡುಗಳ ನಡುವೆ, ಮರಣದ ಹೊತ್ತಿಗೆ ಅವನಿಗೆ ಎಚ್ಚರವಾಗುತ್ತದೆ. ಈ ವಿಪರ್ಯಾಸವೇ ಕವಿತೆಯ ಪ್ರಾಣ.

ಯುದ್ಧ, ಶತ್ರು, ಆಯುಧ ಮೊದಲಾದ ವೀರರಸದ ಸಾಮಗ್ರಿಯೆಲ್ಲವೂ ಇಲ್ಲಿದೆ. ವೀರವು ಮಾತ್ರ ಇಲ್ಲ. ಅಂಥ ಗೋಳದೊಳಕ್ಕೆ ಇಳಿದವನ ಧೈರ್ಯಕ್ಕೆ ಒಂದು ಮಾತೂ ಸಲ್ಲಬೇಡವೆ ಎಂದು ಸಹೃದಯರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವುಂಟು. ಜಾರೆಲ್ಲನು ವಾಯುಪಡೆಯಲ್ಲಿದ್ದರೂ ರಣದಲ್ಲಿ ಹಾರಿದವನಲ್ಲ. ಅರಿಜೋನಾದ ನೆಲೆಯೊಂದರಲ್ಲಿ, ನಕ್ಷತ್ರಗಳನ್ನು ನೋಡಿ ದಾರಿ ಹಿಡಿಯುವ ವಿದ್ಯೆಯನ್ನು ವೈಮಾನಿಕರಿಗೆ ಕಲಿಸುತ್ತಿದ್ದವನು. ಆದರೆ ಅವನ ಮೌನಕ್ಕೆ ಸಮರ್ಥನೆಯೂ ಅಲ್ಲಿಯೇ ಇದೆ. ಸುರಕ್ಷಿತವಾಗಿ ನೆಲದ ಮೇಲೆ ನಿಂತವನು, ಸಾಯಲು ಹೊರಟವರಿಗೆ ವೀರಸ್ವರ್ಗವನ್ನು ಹಂಚುವುದು ಎಷ್ಟರ ಮಟ್ಟಿಗೆ ಪ್ರಾಮಾಣಿಕ? ಜಾರೆಲ್ಲನು ಆ ಔದಾರ್ಯವನ್ನು ತೋರಲಿಲ್ಲ.

ಕೊನೆಯ ಪಂಕ್ತಿಯಲ್ಲಿ, ಗೋಳದಿಂದ ತನ್ನ ಅವಶೇಷವನ್ನು ಕೊಳವೆ ಹಿಡಿದು ತೊಳೆದ ಸಂಗತಿಯನ್ನು ಸತ್ತವನೇ ಹೇಳುತ್ತಾನೆ. ವಾಚ್ಯವು ಅಷ್ಟೇ. ತೊಳೆದ ಗೋಳವು ಮತ್ತೊಬ್ಬನಿಗಾಗಿ ಕಾದಿದೆಯೆಂಬುದು ಧ್ವನಿ. ಅವನು ಅಳುವುದಿಲ್ಲ, ಯಾರನ್ನೂ ದೂರುವುದಿಲ್ಲ. ಶೋಕದ ಒಂದು ಶಬ್ದವೂ ಇಲ್ಲದ ಈ ಒಣಮಾತಿನಿಂದಲೇ ಕರುಣವು ಹುಟ್ಟುತ್ತದೆ. ಅವನು ಬಿಟ್ಟುಹೋದ ದುಃಖದ ಭಾರವು ಓದುವವನ ಪಾಲಿಗೆ ಉಳಿಯುತ್ತದೆ.