‘ಸಾವಯವ ಸಂವೇದಕ’ ಪದಪರಾಮರ್ಶೆ

ವಿದ್ಯುತ್ತನ್ನು ಹರಿಯಗೊಡುವ ಪಾಲಿಮರಿನ ತೆಳುಪೊರೆಯ ಮೇಲೆ ಜೀವಕೋಶಗಳನ್ನು ಬೆಳೆಯಿಸಿ ಅವುಗಳ ಸ್ಥಿತಿಯನ್ನು ತಿಳಿಸುವ ಉಪಕರಣವು ಪ್ರಯೋಗಶಾಲೆಯಿಂದ ಮಾರುಕಟ್ಟೆಗೆ ಬರುವಾಗ, ಅದಕ್ಕೆ ಸಲ್ಲತಕ್ಕ ಕನ್ನಡ ನಾಮವಾವುದೆಂಬುದು ವಿಚಾರಾರ್ಹವಾಗಿದೆ. ‘ಸಾವಯವ ಸಂವೇದಕ’ವೆಂಬ ಭಾಷಾಂತರವು ಸುಲಭವಾದುದು, ಆದರೆ ನಿರ್ದುಷ್ಟವಾದುದಲ್ಲ.

ನ್ಯಾಯಶಾಸ್ತ್ರದಲ್ಲಿ ‘ಸಾವಯವ’ವೆಂದರೆ ಭಾಗಗಳಿಂದ ಕೂಡಿದುದು, ಮಣ್ಣಿನ ಘಟವೂ ಸಾವಯವವೇ. ರಸಾಯನಶಾಸ್ತ್ರದಲ್ಲಿ ಅದು ಇಂಗಾಲದ ಸಂಯುಕ್ತಗಳಿಗೆ ರೂಢವಾಯಿತು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬೇಸಾಯಗಾರನಿಗಾದರೋ ಅದು ಕೊಟ್ಟಿಗೆ ಗೊಬ್ಬರವನ್ನೂ ರಸಗೊಬ್ಬರವಿಲ್ಲದ ಬೆಳೆಯನ್ನೂ ನೆನಪಿಗೆ ತರುತ್ತದೆ. ಇಲ್ಲಿಯ ಸಾಮಗ್ರಿಯೋ ಕೃತಕ ಪಾಲಿಮರು. ಹೆಸರನ್ನು ಕಂಡವನು ಅದನ್ನು ನೈಸರ್ಗಿಕವೆಂದೂ ನಿರಪಾಯವೆಂದೂ ಭಾವಿಸಿದರೆ, ಆ ದೋಷವು ಹೆಸರಿಟ್ಟವನದೇ ಹೊರತು ಓದಿದವನದಲ್ಲ.

‘ಸಂವೇದಕ’ ಶಬ್ದವನ್ನು ಮಾತ್ರ ಉಳಿಸಿಕೊಳ್ಳಬಹುದು. ಯಂತ್ರಕ್ಕೆ ಅರಿವೆಲ್ಲಿಯದೆಂಬ ಆಕ್ಷೇಪವು ನಿಲ್ಲಲಾರದು; ಣಿಜಂತವಾದ ವಿದ್ ಧಾತುವಿಗೆ ಣ್ವುಲ್ ಪ್ರತ್ಯಯವು ಸೇರಿದರೆ ‘ಅರಿವನ್ನುಂಟುಮಾಡುವುದು’ ಎಂದೇ ಅರ್ಥ. ಉಪಕರಣದ ಕಾರ್ಯವೂ ಅದಕ್ಕೆ ಅನುಗುಣವಾಗಿದೆ. ಕೋಶಗಳು ಒತ್ತಾಗಿ ಕೂಡಿರುವಾಗ ದ್ರವದ ಅಯಾನುಗಳಿಗೆ ತಡೆಯುಂಟು. ವಿಷದಿಂದ ಆ ಹೊದಿಕೆಯು ಸಡಿಲವಾದರೆ ಅವು ಬೇಗನೆ ಪೊರೆಯನ್ನು ಹೊಕ್ಕು ವಿದ್ಯುತ್ಪ್ರವಾಹವನ್ನು ಬದಲಿಸುತ್ತವೆ.

2014ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರೂ ಸಹಸಂಶೋಧಕರೂ ಬೆಳಕಿಗೆ ಸ್ಪಂದಿಸದ ಕೋಳಿಯ ಅಕ್ಷಿಪಟಲವನ್ನು ಪಾಲಿಮರ್ ಪೊರೆಯ ಮೂಲಕ ಉದ್ದೀಪಿಸಿ ತೋರಿಸಿದರು. ಅಲ್ಲಿಯೂ ಜೀವಕೋಶದೊಡನೆ ವ್ಯವಹರಿಸಿದುದು ಪಾಲಿಮರೇ.

ಆದಕಾರಣ ‘ಪಾಲಿಮರ್ ಸಂವೇದಕ’ವೆಂಬುದೇ ಗ್ರಾಹ್ಯ. ಅನ್ಯದೇಶ್ಯಪದವನ್ನು ಸ್ವೀಕರಿಸುವ ಸಂಕೋಚಕ್ಕಿಂತ ಅರ್ಥಭ್ರಾಂತಿಯ ಪರಿಹಾರವು ಗುರುತರವಾದುದು.