ಜೋಡಿ ಮುರಿದ ಚರಿತ್ರೆಗಳು

ಕ್ರಿ.ಶ. 69ರ ಏಪ್ರಿಲ್‌ನಲ್ಲಿ ಉತ್ತರ ಇಟಲಿಯ ಬೆಡ್ರಿಯಾಕಂ ಬಳಿ ರೋಮಿನ ಎರಡು ಸೈನ್ಯಗಳು ಪರಸ್ಪರ ಕಡಿದಾಡಿದವು. ಒಂದು ಚಕ್ರವರ್ತಿ ಒಥೊನದು, ಇನ್ನೊಂದು ಸಿಂಹಾಸನಕ್ಕೆ ಕೈಚಾಚಿದ್ದ ವಿಟೆಲಿಯಸ್‌ನದು. ಸೋಲಿನ ಸುದ್ದಿ ಬಂದಾಗಲೂ ಒಥೊನ ಬಳಿ ಮತ್ತೊಮ್ಮೆ ಹೋರಾಡುವಷ್ಟು ಬಲ ಉಳಿದಿತ್ತು. ಆದರೂ ತನ್ನಿಂದಾಗಿ ಇನ್ನಷ್ಟು ಜನ ಸಾಯುವುದು ಬೇಡವೆಂದು ಅವನು ಕಠಾರಿಯಿಂದ ತನ್ನನ್ನು ತಾನೇ ಇರಿದುಕೊಂಡ. ಆಳಿದ್ದು ಮೂರೇ ತಿಂಗಳು.

ಈ ಮನುಷ್ಯನ ಬದುಕನ್ನು ಬರೆದವರು ಇಬ್ಬರು, ಸುಯೆಟೋನಿಯಸ್ ಮತ್ತು ಪ್ಲೂಟಾರ್ಕ್. ಇಬ್ಬರೂ ಕಣ್ಣಾರೆ ಕಂಡವರ ಬಾಯಿಂದ ಕೇಳಿ ಬರೆದವರು. ಸುಯೆಟೋನಿಯಸ್‌ನ ತಂದೆ ಲೇಟಸ್ ಆ ಯುದ್ಧದಲ್ಲಿ ಒಥೊನ ಪರವಾಗಿ 13ನೇ ದಳದ ಅಧಿಕಾರಿಯಾಗಿದ್ದ. ಸೋಲಿನ ಸುದ್ದಿ ತಂದ ಸೈನಿಕನನ್ನು ಯಾರೂ ನಂಬದೆ ಸುಳ್ಳುಗಾರ, ಹೇಡಿ ಎಂದು ಜರೆದಾಗ ಅವನು ಒಥೊನ ಕಾಲ ಬಳಿಯೇ ತನ್ನ ಕತ್ತಿಯ ಮೇಲೆ ಬಿದ್ದು ಸತ್ತನೆಂದು ಮಗನಿಗೆ ಹೇಳಿದವನು ಲೇಟಸ್. ಪ್ಲೂಟಾರ್ಕ್ ಎಷ್ಟೋ ವರ್ಷಗಳ ನಂತರ ಅದೇ ರಣಭೂಮಿಯಲ್ಲಿ ನಡೆದಾಡಿದ. ಜೊತೆಗಿದ್ದ ಮೆಸ್ಟ್ರಿಯಸ್ ಫ್ಲೋರಸ್ ಹಿಂದೆ ಒಥೊನ ಸೈನ್ಯದ ಜೊತೆ ಹೋಗಬೇಕಾಗಿ ಬಂದವನು. ಅವನು ಒಂದು ಹಳೆಯ ಗುಡಿಯನ್ನು ತೋರಿಸಿ, ಹೆಣಗಳ ರಾಶಿ ಅದರ ಸೂರಿನವರೆಗೆ ಬಿದ್ದಿತ್ತೆಂದು ಹೇಳಿದ. ಹೆಣಗಳು ಹಾಗೇಕೆ ರಾಶಿಬಿದ್ದವೆಂಬುದು ಫ್ಲೋರಸ್‌ಗೂ ತಿಳಿದಿರಲಿಲ್ಲ, ಪ್ಲೂಟಾರ್ಕ್‌ಗೂ ಬಗೆಹರಿಯಲಿಲ್ಲ. ಆದರೆ ಅಂತರ್ಯುದ್ಧದಲ್ಲಿ ಸೆರೆಸಿಕ್ಕವರಿಂದ ಗೆದ್ದವರಿಗೆ ಪ್ರಯೋಜನವಿಲ್ಲ, ಆದ್ದರಿಂದ ಓಡುವವರನ್ನು ಕೊಲ್ಲುವುದೇ ಹೆಚ್ಚು ಎಂಬ ವಿವರಣೆಯನ್ನು ಮಾತ್ರ ಅವನು ಸೇರಿಸುತ್ತಾನೆ.

ರೋಮಿನ ಜೀವನಚರಿತ್ರೆಯ ಪರಂಪರೆ ಎಂದರೆ ನನಗೆ ಮೊದಲು ನೆನಪಾಗುವುದು ಈ ಎರಡು ಪುಟ್ಟ ಬರಹಗಳು. ಸುಯೆಟೋನಿಯಸ್ ಒಥೊನ ಸಾವನ್ನು ಹೇಳಿ ಮುಗಿಸಿದ ಮೇಲೆ ಅವನ ದೇಹವನ್ನು ವರ್ಣಿಸುತ್ತಾನೆ: ಕುಳ್ಳ, ಕಾಲು ಸೊಟ್ಟ, ಮೈಯ ಕೂದಲು ಕೀಳಿಸಿಕೊಳ್ಳುತ್ತಿದ್ದ, ತಲೆಗೆ ಕೃತಕ ಕೂದಲು, ಗಡ್ಡ ಬಾರದಿರಲೆಂದು ಮುಖಕ್ಕೆ ನೆನೆಸಿದ ಬ್ರೆಡ್ಡಿನ ಲೇಪ. ಈ ವಿವರಗಳು ಆ ಧೀರ ಸಾವಿಗಿಂತ ಮೊದಲೇ ಬಂದಿದ್ದರೆ ಓದುಗ ನಕ್ಕು ಮುಂದೆ ಹೋಗುತ್ತಿದ್ದ. ನಂತರ ಬಂದದ್ದರಿಂದ, ಇಂಥ ಮನುಷ್ಯನಿಗೆ ಅಂಥ ಸಾವು ಹೇಗೆ ಸಾಧ್ಯವಾಯಿತೆಂದು ಬೆರಗಾಗುತ್ತಾನೆ. ಲೇಖಕ ತೀರ್ಪಿನ ಮಾತನ್ನು ಹೆಚ್ಚು ಆಡುವುದಿಲ್ಲ, ಆ ಕೆಲಸದ ಬಹುಪಾಲನ್ನು ಜೋಡಣೆಯೇ ಮಾಡುತ್ತದೆ. ಈ ಪರಂಪರೆಯ ನಿಜವಾದ ಕಸುಬು ಇರುವುದು ಇಲ್ಲಿ. ಯಾವ ಸಂಗತಿಯನ್ನು ಯಾವುದರ ಪಕ್ಕದಲ್ಲಿ ಇಡಬೇಕು ಎಂಬ ಆಯ್ಕೆಯೇ ಅವರ ವಿಮರ್ಶೆ. ಅನುವಾದಗಳು ಹೆಚ್ಚಾಗಿ ಕಳೆದುಕೊಂಡದ್ದೂ ಇದನ್ನೇ.

ಪ್ಲೂಟಾರ್ಕ್ ಗ್ರೀಸಿನ ಕೈರೋನಿಯ ಎಂಬ ಸಣ್ಣ ಊರಿನವನು, ಡೆಲ್ಫಿಯ ದೇವಾಲಯದ ಅರ್ಚಕ. ತನ್ನ ಊರು ಇನ್ನಷ್ಟು ಸಣ್ಣದಾಗದಿರಲೆಂದು ಅಲ್ಲೇ ಉಳಿದೆನೆಂದು ಅವನೇ ಬರೆದುಕೊಂಡಿದ್ದಾನೆ. ಲ್ಯಾಟಿನ್ ಓದಲು ತೊಡಗಿದ್ದು ವಯಸ್ಸಾದ ಮೇಲೆ. ರೋಮಿನ ಅಧಿಕಾರದ ಕೆಳಗೆ ಬದುಕಿದ ಗ್ರೀಕನೊಬ್ಬ, ಒಬ್ಬ ಗ್ರೀಕ್ ನಾಯಕನ ಪಕ್ಕದಲ್ಲಿ ಒಬ್ಬ ರೋಮನ್ ನಾಯಕನನ್ನಿಟ್ಟು ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆದ. ಆಳುವ ಜನಾಂಗದ ಎದುರು ಆಳಿಸಿಕೊಂಡ ಜನಾಂಗವನ್ನು ಸರಿಸಮನಾಗಿ ನಿಲ್ಲಿಸಿದ ಈ ಧೈರ್ಯ ಸಣ್ಣದಲ್ಲ. 22 ಜೋಡಿಗಳು ನಮಗೆ ಉಳಿದಿವೆ. ಅವುಗಳಲ್ಲಿ 18ಕ್ಕೆ ಕೊನೆಯಲ್ಲಿ ಇಬ್ಬರನ್ನೂ ತೂಗಿನೋಡುವ ಪುಟ್ಟ ತುಲನೆಯೂ ಇದೆ.

ಗ್ರೀಕ್ ಕಡೆಯ ಡೆಮಿಟ್ರಿಯಸ್ ಮತ್ತು ರೋಮಿನ ಆಂಟನಿಯರ ಜೋಡಿಯನ್ನೇ ನೋಡಿ. ಇದು ಕೆಟ್ಟ ಮಾದರಿಗಳ ಜೋಡಿ ಎಂದು ಪ್ಲೂಟಾರ್ಕ್ ಮುನ್ನುಡಿಯಲ್ಲೇ ಎಚ್ಚರಿಸುತ್ತಾನೆ. ಥೀಬ್ಸ್‌ನ ಸಂಗೀತ ಗುರು ಇಸ್ಮೀನಿಯಸ್ ಶಿಷ್ಯರಿಗೆ ಚೆನ್ನಾಗಿ ಊದುವವರನ್ನೂ ಕೆಟ್ಟದಾಗಿ ಊದುವವರನ್ನೂ ತೋರಿಸುತ್ತಿದ್ದನೆಂದು ಹೇಳಿ ತನ್ನ ಆಯ್ಕೆಯನ್ನು ಸಮರ್ಥಿಸಿಕೊಳ್ಳುತ್ತಾನೆ. ಡೆಮಿಟ್ರಿಯಸ್‌ನೂ ಭೋಗಿ, ಆಂಟನಿಯೂ ಭೋಗಿ. ಆದರೆ ಯುದ್ಧ ಬಂದಾಗ ಡೆಮಿಟ್ರಿಯಸ್ ಭೋಗವನ್ನು ಪಕ್ಕಕ್ಕಿಡಬಲ್ಲವನಾಗಿದ್ದ, ಆಂಟನಿ ಸಮರದ ನಡುವೆಯೇ ಕ್ಲಿಯೋಪಾತ್ರಳ ಹಿಂದೆ ಓಡಿದ. ಸಾವಿನ ವಿಷಯಕ್ಕೆ ಬಂದಾಗ ತಕ್ಕಡಿ ತಿರುಗುತ್ತದೆ. ಆಂಟನಿಯ ಆತ್ಮಹತ್ಯೆ ಕರುಣಾಜನಕವಾದರೂ ಶತ್ರುವಿನ ಕೈಗೆ ಸಿಕ್ಕುವ ಮುನ್ನ ನಡೆದದ್ದು. ಡೆಮಿಟ್ರಿಯಸ್ ಸೆರೆಯಲ್ಲಿ ಕುಡಿದು ತಿಂದು ಪಳಗಿದ ಪ್ರಾಣಿಯಾಗಿ ಸತ್ತ. ಹೀಗೆ ಎರಡನ್ನೂ ಒಟ್ಟಿಗೆ ಓದಿದಾಗ ಆಂಟನಿಯ ಕಥೆ ಅಧಿಕಾರದ ಬಗ್ಗೆ ಆಡಿದ ಮಾತಾಗುತ್ತದೆ. ಒಂಟಿಯಾಗಿ ಓದಿದರೆ ಪ್ರೇಮಕಥೆ.

ಪ್ರೇಮಕಥೆಯಾಗಿಯೇ ಅದು ಜಗತ್ತನ್ನು ಗೆದ್ದಿತು. 1559ರಲ್ಲಿ ಜಾಕ್ ಅಮಿಯೊ ಪ್ಲೂಟಾರ್ಕ್‌ನ ಚರಿತ್ರೆಗಳನ್ನು ಗ್ರೀಕಿನಿಂದ ಫ್ರೆಂಚಿಗೆ ತಂದ. ಇಟಲಿಯ ಗ್ರಂಥಾಲಯಗಳಲ್ಲಿ ಹಸ್ತಪ್ರತಿಗಳನ್ನು ಕೂಡಿಸಿ ನೋಡಿ ಮಾಡಿದ ಕೆಲಸವದು. 1579ರಲ್ಲಿ ಥಾಮಸ್ ನಾರ್ತ್ ಮಾಡಿದ ಇಂಗ್ಲಿಷ್ ಅನುವಾದ ಗ್ರೀಕಿನಿಂದಲ್ಲ, ಅಮಿಯೊನ ಫ್ರೆಂಚಿನಿಂದ. ಶೇಕ್ಸ್‌ಪಿಯರ್ ತನ್ನ ‘ಜೂಲಿಯಸ್ ಸೀಸರ್’, ‘ಆಂಟನಿ ಅಂಡ್ ಕ್ಲಿಯೋಪಾತ್ರ’, ‘ಕೊರಿಯೊಲೇನಸ್’ ನಾಟಕಗಳನ್ನು ಕಟ್ಟಿದ್ದು ನಾರ್ತ್‌ನ ಪುಸ್ತಕದ ಮೇಲೆ. ನಾರ್ತ್‌ನ ಪುಸ್ತಕದಲ್ಲಿ ತುಲನೆಗಳೂ ಇದ್ದವು. ನಾಟಕಕಾರನಿಗೆ ಅವು ಬೇಕಾಗಲಿಲ್ಲ, ಅವನ ದಾರಿಯೇ ಬೇರೆ. ಅದಕ್ಕಾಗಿ ಅವನನ್ನು ದೂರುವುದು ತಪ್ಪು. ಆದರೆ ಆ ನಾಟಕಗಳು ಎಷ್ಟು ದೊಡ್ಡವಾದವೆಂದರೆ, ಮುಂದಿನವರಲ್ಲಿ ಅನೇಕರು ಪ್ಲೂಟಾರ್ಕ್‌ನನ್ನು ನಾಟಕದ ವಸ್ತುಗಳ ಕಣಜವೆಂಬಂತೆ ಓದತೊಡಗಿದರು.

ಏನು ಉಳಿಯಿತು, ಏನು ಹೋಯಿತು ಎಂಬುದಕ್ಕೆ ಆಂಟನಿಯ ಚರಿತ್ರೆಯಿಂದಲೇ ಎರಡು ಪ್ರಸಂಗಗಳನ್ನು ತೆಗೆದುಕೊಳ್ಳಬಹುದು. ಅಲೆಕ್ಸಾಂಡ್ರಿಯದಲ್ಲಿ ಓದುತ್ತಿದ್ದ ಫಿಲೋಟಸ್ ಎಂಬ ವೈದ್ಯ ಆಂಟನಿಯ ಅಡುಗೆಮನೆಯೊಳಗೆ ಹೋಗಿ, ಎಂಟು ಕಾಡುಹಂದಿಗಳು ಬೇಯುತ್ತಿದ್ದುದನ್ನು ಕಂಡ. ಊಟಕ್ಕಿದ್ದವರು ಹನ್ನೆರಡು ಮಂದಿಯಷ್ಟೆ. ಆಂಟನಿ ಯಾವ ಗಳಿಗೆಯಲ್ಲಿ ಊಟ ಕೇಳುತ್ತಾನೋ ತಿಳಿಯದು, ಕೇಳಿದಾಗ ಒಂದಾದರೂ ಹದವಾಗಿ ಬೆಂದಿರಬೇಕು, ಅದಕ್ಕೆ ಎಂಟು. ಈ ಕಥೆ ಫಿಲೋಟಸ್‌ನಿಂದ ಪ್ಲೂಟಾರ್ಕ್‌ನ ಅಜ್ಜ ಲಾಂಪ್ರಿಯಸ್‌ಗೆ ಬಂತು, ಮುಂದೆ ಶೇಕ್ಸ್‌ಪಿಯರ್‌ನ ನಾಟಕದವರೆಗೂ ಹೋಯಿತು. ಇನ್ನೊಂದು ಕಥೆ ಹೇಳಿದವನು ಪ್ಲೂಟಾರ್ಕ್‌ನ ಮುತ್ತಜ್ಜ ನಿಕಾರ್ಕಸ್. ಕ್ರಿ.ಪೂ. 31ರ ಆಕ್ಟಿಯಂ ಯುದ್ಧದ ಹೊತ್ತಿಗೆ ಆಂಟನಿಯ ಸೈನ್ಯಕ್ಕೆಂದು ಕೈರೋನಿಯದ ಊರವರೆಲ್ಲ ಗೋಧಿಯನ್ನು ಹೆಗಲ ಮೇಲೆ ಹೊತ್ತು ಸಮುದ್ರದ ದಂಡೆಗೆ ಇಳಿಸಬೇಕಾಗಿತ್ತು. ನಿಧಾನಿಸಿದರೆ ಬೆನ್ನಿಗೆ ಚಾಟಿಯೇಟು. ಒಂದು ಸುತ್ತು ಹೊತ್ತಾಯಿತು. ಎರಡನೇ ಸುತ್ತಿಗೆ ಗೋಧಿ ಅಳೆದು ಹೊರಡುವಷ್ಟರಲ್ಲಿ ಆಂಟನಿ ಸೋತ ಸುದ್ದಿ ಬಂತು. ಅವನ ಅಧಿಕಾರಿಗಳು ಓಡಿಹೋದರು, ಊರವರು ಗೋಧಿಯನ್ನು ಹಂಚಿಕೊಂಡರು. ಹಂದಿಗಳು ರಂಗಕ್ಕೆ ಬಂದವು, ಗೋಧಿಯ ಮೂಟೆ ಬರಲಿಲ್ಲ. ಮಹಾಪುರುಷರ ಜಗಳಕ್ಕೆ ಯಾರ ಬೆನ್ನು ಬಾಗಿತ್ತೆಂದು ಪ್ಲೂಟಾರ್ಕ್‌ಗೆ ಮನೆಯಲ್ಲೇ ಗೊತ್ತಿತ್ತು. ಅವನನ್ನು ಬರೀ ವೀರಪೂಜಕನೆಂದು ತಳ್ಳಿಹಾಕುವವರು ಈ ಪುಟವನ್ನು ಓದಬೇಕು.

ಇಂಗ್ಲಿಷಿನಲ್ಲಿ ನಾರ್ತ್‌ನ ನಂತರ 1683ರಿಂದ 1686ರವರೆಗೆ ಡ್ರೈಡನ್ ಹೆಸರಿನಲ್ಲಿ ಬಂದ ಅನುವಾದ ಇದೆ. ಡ್ರೈಡನ್ ಬರೆದದ್ದು ಅದರ ಅರ್ಪಣೆಯನ್ನೂ ಪ್ಲೂಟಾರ್ಕ್‌ನ ಜೀವನವನ್ನೂ ಮಾತ್ರ, ಅನುವಾದಿಸಿದವರು ನಲವತ್ತಕ್ಕೂ ಹೆಚ್ಚು ಮಂದಿ. 1859ರಲ್ಲಿ ಆರ್ಥರ್ ಹ್ಯೂ ಕ್ಲಫ್ ಅದನ್ನು ತಿದ್ದಿದ. ಈ ಆವೃತ್ತಿಗಳಲ್ಲಿ ಜೋಡಿಗಳು ಉಳಿದಿದ್ದವು. 1914ರಿಂದ 1926ರವರೆಗೆ 11 ಸಂಪುಟಗಳಲ್ಲಿ ಬಂದ ಬರ್ನಡೋಟ್ ಪೆರಿನ್ ಅನುವಾದದಲ್ಲಿಯೂ ಉಳಿದವು. ಮುರಿದದ್ದು 20ನೇ ಶತಮಾನದ ಅಗ್ಗದ ಆವೃತ್ತಿಗಳಲ್ಲಿ. 1958ರಲ್ಲಿ ಪೆಂಗ್ವಿನ್ ಹೊರತಂದ ರೆಕ್ಸ್ ವಾರ್ನರ್ ಅನುವಾದದಲ್ಲಿ ಮೇರಿಯಸ್, ಸುಲ್ಲಾ, ಕ್ರಾಸಸ್, ಪಾಂಪೆ, ಸೀಸರ್, ಸಿಸಿರೊ ಎಂಬ ಆರು ರೋಮನ್ನರು ಸಾಲಾಗಿ ನಿಂತರು. ಅವರ ಗ್ರೀಕ್ ಜೊತೆಗಾರರು ಬೇರೆ ಸಂಪುಟಗಳಿಗೆ ಹೋದರು. ಇಯಾನ್ ಸ್ಕಾಟ್-ಕಿಲ್ವರ್ಟ್ ಅನುವಾದದಲ್ಲಿ ಆಂಟನಿ 1965ರ ಒಂದು ಪುಸ್ತಕದಲ್ಲಿ, ಡೆಮಿಟ್ರಿಯಸ್ 1973ರ ಇನ್ನೊಂದು ಪುಸ್ತಕದಲ್ಲಿ. ಇತಿಹಾಸದ ವಿದ್ಯಾರ್ಥಿಗೆ ಕಾಲಾನುಕ್ರಮ ಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಈ ಅನುವಾದಗಳ ಗದ್ಯ ಚೆನ್ನಾಗಿಯೂ ಇದೆ. ಆದರೂ ಇದು ದ್ವಿಪದಿಯ ಮೊದಲ ಸಾಲುಗಳನ್ನೆಲ್ಲ ಒಂದು ಪುಸ್ತಕ, ಎರಡನೇ ಸಾಲುಗಳನ್ನೆಲ್ಲ ಇನ್ನೊಂದು ಪುಸ್ತಕ ಮಾಡಿ ಮಾರಿದಂತೆ. ಲಕ್ಷಾಂತರ ಓದುಗರಿಗೆ ಪ್ಲೂಟಾರ್ಕ್ ರೋಮ್ ಗಣರಾಜ್ಯದ ಪತನದ ವರದಿಗಾರನಾಗಿ ಸಿಕ್ಕಿದ. ತಾನು ಇತಿಹಾಸ ಬರೆಯುತ್ತಿಲ್ಲ, ಬದುಕುಗಳನ್ನು ಬರೆಯುತ್ತಿದ್ದೇನೆ ಎಂದು ಅಲೆಕ್ಸಾಂಡರ್‌ನ ಚರಿತ್ರೆಯ ಆರಂಭದಲ್ಲೇ ಹೇಳಿದವನಿಗೆ ಇದು ಆಗಬಾರದಿತ್ತು.

ಸುಯೆಟೋನಿಯಸ್‌ನ ವಿಧಿ ಬೇರೆ. ಹೇಡ್ರಿಯನ್ ಚಕ್ರವರ್ತಿಯ ಪತ್ರವ್ಯವಹಾರದ ಕಾರ್ಯದರ್ಶಿಯಾಗಿದ್ದವನು ಅವನು. ಆಗಸ್ಟಸ್‌ನ ಸ್ವಂತ ಕಾಗದಗಳನ್ನು ನೋಡಿದ್ದ, ಅವುಗಳಿಂದ ಸಾಲುಗಳನ್ನೆತ್ತಿ ಕೊಡುತ್ತಾನೆ. ಆಗಸ್ಟಸ್ ಚಳಿಗಾಲದಲ್ಲಿ ದಪ್ಪ ಟೋಗಾದೊಳಗೆ ನಾಲ್ಕು ಅಂಗಿ ತೊಡುತ್ತಿದ್ದುದು, ಗುಡುಗಿಗೆ ಹೆದರುತ್ತಿದ್ದುದು ನಮಗೆ ಅವನಿಂದ ತಿಳಿದದ್ದು. ಅವನ ವಿಧಾನದಲ್ಲಿ ದೊಡ್ಡ ಕೊರತೆಯೂ ಇದೆ. ಕಲಿಗುಲನ ಬದುಕನ್ನು ನಡುವೆ ಸೀಳಿ, ಇಲ್ಲಿಯವರೆಗೆ ಚಕ್ರವರ್ತಿಯ ಮಾತು, ಇನ್ನು ಮುಂದೆ ರಾಕ್ಷಸನದು ಎನ್ನುತ್ತಾನೆ. ನೀರೊವಿನಲ್ಲೂ ಹಾಗೆಯೇ, ಒಳ್ಳೆಯದೊಂದು ರಾಶಿ, ಕೆಟ್ಟದ್ದೊಂದು ರಾಶಿ. ಮನುಷ್ಯ ಯಾವಾಗ ಕೆಟ್ಟ, ಏಕೆ ಕೆಟ್ಟ ಎಂಬ ಪ್ರಶ್ನೆಗೆ ಇಂಥ ವಿಂಗಡಣೆಯಲ್ಲಿ ಜಾಗವಿಲ್ಲ. ಆದರೆ ಡೊಮಿಷಿಯನ್‌ನ ಚರಿತ್ರೆಯಲ್ಲಿ ಅವನು ಒಂದು ಸಲ ತನ್ನ ಹರೆಯದ ನೆನಪನ್ನು ಹೇಳುತ್ತಾನೆ. ಯಹೂದಿಗಳ ಮೇಲಿನ ತೆರಿಗೆಯ ವಸೂಲಿಗಾಗಿ, ತುಂಬಿದ ಸಭೆಯಲ್ಲಿ ತೊಂಬತ್ತು ವರ್ಷದ ಮುದುಕನೊಬ್ಬನಿಗೆ ಸುನ್ನತಿ ಆಗಿದೆಯೇ ಎಂದು ಅಧಿಕಾರಿ ಪರೀಕ್ಷಿಸಿದ್ದನ್ನು ಅವನು ಕಂಡಿದ್ದ. ಯಾವ ವ್ಯಾಖ್ಯಾನವೂ ಇಲ್ಲದ ಒಂದೇ ವಾಕ್ಯ. ಪ್ರಭುತ್ವ ಮನುಷ್ಯನ ಮರ್ಯಾದೆಯನ್ನು ಹೇಗೆ ಕಳೆಯುತ್ತದೆ ಎಂಬುದಕ್ಕೆ ಪ್ರಾಚೀನ ಸಾಹಿತ್ಯದಲ್ಲಿ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಈ ಒಣ, ಕಡತದಂಥ ಬರವಣಿಗೆಯನ್ನು ರಾಬರ್ಟ್ ಗ್ರೇವ್ಸ್ 1957ರಲ್ಲಿ ರಸವತ್ತಾದ ಇಂಗ್ಲಿಷಿಗೆ ತಂದರು. ಅದಕ್ಕೂ ಮೊದಲು, 1934ರಲ್ಲಿ, ‘ಐ, ಕ್ಲಾಡಿಯಸ್’ ಕಾದಂಬರಿ ಬರೆದಿದ್ದವರು ಅವರು. ಅನುವಾದದಲ್ಲೂ ಕಾದಂಬರಿಕಾರನ ಕೈ ಕಾಣುತ್ತದೆ. ಮೂಲ ಹೇಳದೆ ಬಿಟ್ಟದ್ದನ್ನು ಅವರು ಬಿಡಿಸಿ ಹೇಳುತ್ತಾರೆ, ತುಂಡು ತುಂಡಾದ ವಾಕ್ಯಗಳನ್ನು ಕಥೆಯ ಓಟಕ್ಕೆ ಒಗ್ಗಿಸುತ್ತಾರೆ. ಓದಲು ಸುಖ. ಆದರೆ ಸುಯೆಟೋನಿಯಸ್ ಅರಮನೆಯ ಗುಸುಗುಸು ಹೇಳುವವನೆಂಬ ಹೆಸರು ಗಟ್ಟಿಯಾದದ್ದು ಈ ಸುಖದಿಂದಲೇ. 2000ದಲ್ಲಿ ಬಂದ ಕ್ಯಾಥರೀನ್ ಎಡ್ವರ್ಡ್ಸ್ ಅನುವಾದ ಇಷ್ಟು ಹರಿಯುವುದಿಲ್ಲ, ಮೂಲದ ಬಿಗಿಯನ್ನು ಹೆಚ್ಚು ಉಳಿಸಿಕೊಂಡಿದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಎಡ್ವರ್ಡ್ಸ್ ಅವರನ್ನು ಆರಿಸುತ್ತೇನೆ.

ಇದೇ ಪರಂಪರೆಯಲ್ಲಿ ಮುಂದೆ ಬಂದ, ಹೇಡ್ರಿಯನ್‌ನಿಂದ ಮುಂದಿನ ಚಕ್ರವರ್ತಿಗಳ ಬದುಕನ್ನು ಹೇಳುವ ‘ಹಿಸ್ಟೋರಿಯಾ ಆಗಸ್ಟಾ’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರು ಲೇಖಕರ ಹೆಸರು ಹೊತ್ತ ಅದು ಒಬ್ಬನದೇ ಕೈವಾಡವೆಂದು 1889ರಲ್ಲಿ ಹರ್ಮನ್ ಡೆಸಾವ್ ವಾದಿಸಿದ. ಅದರೊಳಗಿನ ಎಷ್ಟೋ ದಾಖಲೆಗಳು ಕಟ್ಟುಕಥೆ.

ಈ ಪರಂಪರೆಯನ್ನು ಮೆಚ್ಚುವಾಗ ಅದರ ಕುರುಡುತನವನ್ನೂ ಹೇಳಬೇಕು. ಗಾಲ್ ದೇಶದಲ್ಲಿ ಸೀಸರ್ 10 ವರ್ಷ ತುಂಬುವ ಮೊದಲೇ 30 ಲಕ್ಷ ಜನರೊಡನೆ ಕಾದಾಡಿ, 10 ಲಕ್ಷ ಜನರನ್ನು ಕೊಂದು, ಅಷ್ಟೇ ಜನರನ್ನು ಸೆರೆಹಿಡಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಈ ಲೆಕ್ಕ ಬರುವುದು ಸೀಸರ್ ಬೇರೆಲ್ಲ ಸೇನಾನಿಗಳನ್ನು ಮೀರಿಸಿದ ಎಂದು ತೋರಿಸಲು. ಸತ್ತವರ ಕಡೆಯಿಂದ ಒಂದು ಮಾತೂ ಇಲ್ಲ. ಅದೇ ಲೇಖಕ, ಮುದಿ ಗುಲಾಮರನ್ನು ಮಾರಿಬಿಡುತ್ತಿದ್ದ ಹಿರಿಯ ಕೇಟೊನನ್ನು ಖಂಡಿಸಿ, ತನಗಾಗಿ ದುಡಿದು ಮುದಿಯಾದ ಎತ್ತನ್ನೂ ತಾನು ಮಾರಲಾರೆ ಎಂದ. ಕಣ್ಣೆದುರಿನ ಗುಲಾಮನ ನೋವು ಅವನಿಗೆ ಕಂಡಿತು, ದೂರದ 10 ಲಕ್ಷ ಜನರದು ಕಾಣಲಿಲ್ಲ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಮಾತ್ರ, ಕ್ರಿ.ಶ. 98ರಲ್ಲಿ ತನ್ನ ಮಾವ ಅಗ್ರಿಕೋಲನ ಚರಿತ್ರೆ ಬರೆಯುವಾಗ, ಸೋಲಲಿದ್ದ ಬ್ರಿಟನ್ನಿನ ನಾಯಕ ಕಾಲ್ಗಾಕಸ್‌ನ ಬಾಯಲ್ಲಿ ರೋಮಿನ ಸಾಮ್ರಾಜ್ಯವೆಂದರೆ ಲೂಟಿ ಎಂಬ ಭಾಷಣವನ್ನೇ ಇಟ್ಟ. ಗೆದ್ದವನ ಅಳಿಯ ಸೋತವನಿಗೆ ಕೊಟ್ಟ ಆ ಮಾತು ಇಡೀ ಪರಂಪರೆಯಲ್ಲೇ ದೊಡ್ಡದು.

ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ರೋಮ್ ಸಿಕ್ಕಿದ್ದು ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ಮೂಲಕ. ಎಂದರೆ ಗ್ರೀಕಿನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ, ಅಲ್ಲಿಂದ ರಂಗಕ್ಕೆ ಬಂದ ರೋಮ್ ಅದು. ಇನ್ನು ಮುಂದೆ ಪ್ಲೂಟಾರ್ಕ್‌ನನ್ನು ಕನ್ನಡಕ್ಕೆ ತರುವವರಲ್ಲಿ ನನ್ನದೊಂದು ಕೋರಿಕೆ. ಎಲ್ಲ ಚರಿತ್ರೆಗಳೂ ಬೇಡ, ಡೆಮಿಟ್ರಿಯಸ್ ಮತ್ತು ಆಂಟನಿಯರ ಒಂದು ಜೋಡಿ ಸಾಕು. ಮುನ್ನುಡಿ, ಕೊನೆಯ ತುಲನೆ, ಗೋಧಿಯ ಮೂಟೆ ಒಂದನ್ನೂ ಬಿಡದೆ, ಒಂದೇ ರಟ್ಟಿನೊಳಗೆ ತನ್ನಿ.